ಮನೆವಾರ್ತೆ: ಆಟದ ಮನೆಯಲ್ಲಿ ದುಡಿದವರ ಕೂಲಿ

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಕೇಳದ ಮನೆಯು ನಮ್ಮ ನಾಡಿನಲ್ಲಿ ಇರಲಾರದು. ಆದರೆ ಕೆಸರಾದದ್ದು ಒಬ್ಬನ ಕೈ, ಮೊಸರುಂಡದ್ದು ಮತ್ತೊಬ್ಬನ ಬಾಯಿ ಎಂದಾದಾಗ ಮಾಡತಕ್ಕದ್ದೇನೆಂಬುದನ್ನು ಆ ಗಾದೆಯು ಹೇಳುವುದಿಲ್ಲ. ಹೊಲಗದ್ದೆಗಳಲ್ಲಿ, ಮಗ್ಗದ ಮನೆಗಳಲ್ಲಿ, ಕಾರ್ಖಾನೆಗಳಲ್ಲಿ ಈ ಪ್ರಶ್ನೆಯು ಬಹು ಹಳೆಯದು. ಈಗ ಅದೇ ಪ್ರಶ್ನೆಯು ಹಿರಿಯರಾರೂ ಎಣಿಸದೆ ಇದ್ದ ಒಂದು ಬಾಗಿಲಿನಿಂದ ಮನೆಯೊಳಕ್ಕೆ ಬಂದಿರುವುದು. ಆ ಬಾಗಿಲು ಮಕ್ಕಳು ಆಡುವ ವಿಡಿಯೋ ಗೇಮು. ಈ ತಿಂಗಳು ಅದರ ವಿಚಾರವನ್ನೇ ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇವೆ.

ವಿಡಿಯೋ ಗೇಮು ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವು. ಕಣ್ಣು ಕೆಡುವುದು, ಓದು ಕೆಡುವುದು, ನಿದ್ರೆ ಕೆಡುವುದು ಎಂಬ ದೂರುಗಳು ಎಲ್ಲ ಮನೆಗಳಲ್ಲಿಯೂ ಉಂಟು. ಅವುಗಳಲ್ಲಿ ಸತ್ಯಾಂಶವೂ ಉಂಟು. ಆದರೆ ಈ ಆಟಗಳ ಸುತ್ತ ಸೇರಿರುವ ಜನರಲ್ಲಿ ಆಡುವವರಲ್ಲದೆ ಕಟ್ಟುವವರೂ ಇದ್ದಾರೆಂಬ ಸಂಗತಿಯು ಅನೇಕ ಹಿರಿಯರ ಗಮನಕ್ಕೆ ಬಂದಿಲ್ಲ. ಆಟದೊಳಗಿನ ವೀರನಿಗೆ ಹೊಸ ಉಡುಪನ್ನು ರಚಿಸುವವರು, ಎಲ್ಲಿಯೂ ಇಲ್ಲದ ಊರೊಂದನ್ನು ಬೀದಿ ಬಾವಿಗಳ ಸಮೇತ ಕಟ್ಟಿ ನಿಲ್ಲಿಸುವವರು, ಸಂಗೀತವನ್ನು ಕೂಡಿಸುವವರು, ಕಥೆಯನ್ನು ಬೆಳೆಸುವವರು, ಮೂಲದಲ್ಲಿ ಉಳಿದುಹೋದ ತಪ್ಪುಗಳನ್ನು ತಿದ್ದುವವರು, ಹೀಗೆ ನಾನಾ ಬಗೆಯವರು. ಒಬ್ಬರು ಮಾಡಿದ ಆಟಕ್ಕೆ ಮತ್ತೊಬ್ಬರು ಸೇರಿಸುವ ಇಂಥ ಕೆಲಸಕ್ಕೆ ಆ ಮಂಡಲದಲ್ಲಿ 'ಮಾಡ್' ಎಂದು ಹೆಸರು. ಮಾರ್ಪಾಟು ಎಂಬ ಅರ್ಥವುಳ್ಳ ಇಂಗ್ಲಿಷ್ ಶಬ್ದದ ತುಂಡು ಅದು. ನಮ್ಮ ಕಿವಿಗೆ 'ಮಾಡು' ಎಂದೇ ಕೇಳಿಸುವುದು. ಅರ್ಥವೂ ಬಹಳ ದೂರ ಹೋಗಿಲ್ಲ.

ಇವರಿಗೆ ಹಣ ಕೊಡತಕ್ಕದ್ದೆ, ಬೇಡವೆ? ಇದೇ ವಿವಾದ. ತಿಂಗಳುಗಟ್ಟಲೆ ರಾತ್ರಿ ನಿದ್ರೆಗೆಟ್ಟು ಮಾಡಿದ ಕೆಲಸಕ್ಕೆ ಕಾಸಿಲ್ಲವೆಂದರೆ ಅನ್ಯಾಯವಲ್ಲವೆ ಎಂದು ಒಂದು ಪಕ್ಷದವರು ಕೇಳುವರು. ಪ್ರೀತಿಯಿಂದ ಮಾಡಿ ಎಲ್ಲರಿಗೂ ಹಂಚುತ್ತಿದ್ದುದಕ್ಕೆ ಬೆಲೆ ಕಟ್ಟಿದರೆ ಹಂಚುವ ಪದ್ಧತಿಯೇ ಮುರಿದುಹೋಗುವುದಲ್ಲವೆ ಎಂದು ಇನ್ನೊಂದು ಪಕ್ಷದವರು ಕೇಳುವರು. ಎರಡು ಮಾತುಗಳೂ ತೂಕವುಳ್ಳವುಗಳೇ. ಯಾವುದು ಎಲ್ಲಿ ಸಲ್ಲುವುದೆಂಬುದನ್ನು ತಿಳಿಯಬೇಕಾದರೆ ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಬೇಕು.

ಅಮೆರಿಕಾ ದೇಶದಲ್ಲಿ ೧೯೯೩ರಲ್ಲಿ 'ಡೂಮ್' ಎಂಬ ಆಟವು ಹೊರಬಂದಿತು. ಅದನ್ನು ಮಾಡಿದವರು ಆಟದ ಚಿತ್ರ, ಧ್ವನಿ, ನಕ್ಷೆಗಳನ್ನು ಬೇರೆಯ ಕಡತದಲ್ಲಿ ಇಟ್ಟು, ಆಡುವವರೇ ಅವನ್ನು ಬದಲಾಯಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟರು. ಆ ಮೇಲೆ ಮಾಡುಗಳ ಬೆಳೆ ಹುಲುಸಾಗಿ ಬಂದಿತು. ೧೯೯೮ರಲ್ಲಿ ವಾಲ್ವ್ ಎಂಬ ಸಂಸ್ಥೆಯು 'ಹಾಫ್-ಲೈಫ್' ಎಂಬ ಆಟವನ್ನು ಹೊರತಂದಿತಷ್ಟೆ. ಮರುವರ್ಷವೇ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ಅದನ್ನು ಆಧಾರವಾಗಿಟ್ಟುಕೊಂಡು 'ಕೌಂಟರ್-ಸ್ಟ್ರೈಕ್' ಎಂಬ ಮಾಡನ್ನು ರಚಿಸಿ ಪುಕ್ಕಟೆಯಾಗಿ ಹಂಚಿದರು. ಜನರು ಅದಕ್ಕೆ ಮುಗಿಬಿದ್ದರು. ವಾಲ್ವ್ ಸಂಸ್ಥೆಯವರು ೨೦೦೦ದಲ್ಲಿ ಆ ಆಟದ ಹಕ್ಕನ್ನು ಪಡೆದು, ಮಾಡಿದವರನ್ನೂ ತಮ್ಮಲ್ಲಿ ಕೆಲಸಕ್ಕೆ ಇಟ್ಟುಕೊಂಡರು. ೨೦೦೪ರಲ್ಲಿ ಪುಕ್ಕಟೆಯಾಗಿ ಹುಟ್ಟಿದ 'ಗ್ಯಾರಿಸ್ ಮಾಡ್' ಎಂಬುದೂ ೨೦೦೬ರಲ್ಲಿ ಬೆಲೆಯುಳ್ಳ ಆಟವಾಗಿ ಮಾರಾಟಕ್ಕೆ ಬಂದಿತು. ಈ ಎರಡು ಉದಾಹರಣೆಗಳಲ್ಲಿಯೂ ಕೈ ಕೆಸರಾದವರ ಬಾಯಿಗೇ ಮೊಸರು ಬಂದಿತೆನ್ನಬಹುದು. ಆದರೆ ಇವು ಸಾವಿರಕ್ಕೊಂದು ಎಂಬಂಥವು. ಅಂಗಿಯೊಂದನ್ನೊ ಕತ್ತಿಯೊಂದನ್ನೊ ರಚಿಸಿಕೊಟ್ಟ ಸಣ್ಣ ಕುಶಲಿಗನ ಗತಿಯೇನು?

ಆ ಪ್ರಶ್ನೆಗೆ ೨೦೧೦ರಲ್ಲಿ ಒಂದು ಉತ್ತರ ದೊರೆಯಿತು. ಅದೇ ವಾಲ್ವ್ ಸಂಸ್ಥೆಯು 'ಟೀಮ್ ಫೋರ್ಟ್ರೆಸ್ ೨' ಎಂಬ ತನ್ನ ಆಟದೊಳಗೆ ಅಂಗಡಿಯೊಂದನ್ನು ತೆರೆದು, ಆಡುವವರೇ ರಚಿಸಿದ ಟೋಪಿ ಆಯುಧ ಮೊದಲಾದವನ್ನು ಅಲ್ಲಿ ಮಾರಾಟಕ್ಕಿಟ್ಟು, ಬಂದ ಹಣದಲ್ಲಿ ನೂರಕ್ಕೆ ೨೫ರಂತೆ ರಚಿಸಿದವರಿಗೆ ಕೊಡುವುದೆಂದು ಗೊತ್ತುಮಾಡಿತು. ಮೊದಲ ಕಂತಿನಲ್ಲಿಯೇ ಐದು ಮಂದಿಗೆ ತಲಾ ೩೯,೦೦೦ದಿಂದ ೪೭,೦೦೦ ಡಾಲರುಗಳವರೆಗೆ ಸಂದಿತು. ೨೦೧೫ರ ಜನವರಿಯ ವೇಳೆಗೆ ಆ ಸಂಸ್ಥೆಯ ಮೂರು ಆಟಗಳಿಗೆ ವಸ್ತುಗಳನ್ನು ರಚಿಸಿದ ೧,೫೦೦ಕ್ಕೂ ಹೆಚ್ಚು ಮಂದಿಗೆ ಒಟ್ಟು ೫ ಕೋಟಿ ೭೦ ಲಕ್ಷ ಡಾಲರುಗಳಿಗೂ ಮೀರಿ ಪಾವತಿಯಾಗಿದೆಯೆಂದು ಸಂಸ್ಥೆಯೇ ಪ್ರಕಟಿಸಿತು. ಆಟವೆಂದು ನಾವು ತಳ್ಳಿಹಾಕುವ ಕಡೆಯಲ್ಲಿ ಎಂಥ ದುಡಿಮೆಯು ನಡೆಯುತ್ತಿರುವುದೆಂಬುದನ್ನು ವಾಚಕರು ಈ ಮೊತ್ತದಿಂದಲೇ ಊಹಿಸಿಕೊಳ್ಳಬಹುದು.

ಇಷ್ಟು ಸಲೀಸಾಗಿ ನಡೆದ ವ್ಯವಹಾರವು ಅದೇ ವರ್ಷದ ಏಪ್ರಿಲಿನಲ್ಲಿ ಮುಗ್ಗರಿಸಿತು. ಬೆಥೆಸ್ಡಾ ಸಂಸ್ಥೆಯ 'ಸ್ಕೈರಿಮ್' ಎಂಬ ಆಟವು ೨೦೧೧ರಲ್ಲಿ ಹೊರಬಂದದ್ದು. ಅದಕ್ಕೆ ಸಹಸ್ರಾರು ಮಾಡುಗಳು ಹುಟ್ಟಿ, ಎಲ್ಲವೂ ಪುಕ್ಕಟೆಯಾಗಿ ಹಂಚಿಕೆಯಾಗುತ್ತಿದ್ದವು. ೨೦೧೫ರ ಏಪ್ರಿಲ್ ೨೩ರಂದು ವಾಲ್ವ್ ಮತ್ತು ಬೆಥೆಸ್ಡಾ ಸಂಸ್ಥೆಗಳು ಕೂಡಿ, ಇನ್ನು ಮುಂದೆ ಸ್ಕೈರಿಮ್ಮಿನ ಮಾಡುಗಳನ್ನು ಬೆಲೆಗೆ ಮಾರಬಹುದೆಂದು ಪ್ರಕಟಿಸಿದವು. ನೂರರಲ್ಲಿ ೨೫ ಪಾಲು ರಚಿಸಿದವನಿಗೆ, ೩೦ ಪಾಲು ವಾಲ್ವ್ ಸಂಸ್ಥೆಗೆ, ೪೫ ಪಾಲು ಬೆಥೆಸ್ಡಾ ಸಂಸ್ಥೆಗೆ. ಈ ಸುದ್ದಿಯು ಹೊರಬಿದ್ದೊಡನೆ ಆಡುವವರ ಮಂಡಲವೆಲ್ಲ ಕೆರಳಿತು. ವಿರೋಧದ ಮನವಿಗೆ ಲಕ್ಷಕ್ಕೂ ಮೀರಿದ ರುಜುಗಳು ಬಿದ್ದವು. ಮೀನು ಹಿಡಿಯುವ ಆಟವನ್ನು ಸೇರಿಸುವ ಒಂದು ಮಾಡನ್ನು, ಅದರಲ್ಲಿ ಮತ್ತೊಬ್ಬ ಕುಶಲಿಗನ ಕೆಲಸವು ಅವನ ಸಮ್ಮತಿಯಿಲ್ಲದೆ ಸೇರಿದೆಯೆಂಬ ಆಕ್ಷೇಪಣೆಯ ಮೇಲೆ ಮಾರಾಟದಿಂದ ತೆಗೆಯಬೇಕಾಯಿತು. ಕೊನೆಗೆ ಏಪ್ರಿಲ್ ೨೭ರಂದು, ಎಂದರೆ ನಾಲ್ಕೇ ದಿನಗಳಲ್ಲಿ, ಸಂಸ್ಥೆಗಳು ಆ ಏರ್ಪಾಡನ್ನು ಹಿಂತೆಗೆದುಕೊಂಡು, ಕೊಂಡವರಿಗೆ ಹಣವನ್ನು ಮರಳಿಸಿದವು. ವರ್ಷಗಳಿಂದ ನೆಲೆನಿಂತ ಮಂಡಲವೊಂದರಲ್ಲಿ ಇಂಥ ಪ್ರಯೋಗವನ್ನು ಆರಂಭಿಸಿದ್ದು ಬಹುಶಃ ಸರಿಯಾಗಲಿಲ್ಲವೆಂದು ವಾಲ್ವ್ ಸಂಸ್ಥೆಯೇ ಒಪ್ಪಿಕೊಂಡಿತು.

ಇಲ್ಲಿ ಒಂದು ವಿಚಾರವು ಗಮನಿಸತಕ್ಕದ್ದು. ನೂರಕ್ಕೆ ೨೫ ಎಂಬ ಪಾಲು ೨೦೧೦ರಲ್ಲಿಯೂ ಅದೇ, ೨೦೧೫ರಲ್ಲಿಯೂ ಅದೇ. ಹಿಂದಿನದನ್ನು ಜನರು ಒಪ್ಪಿದರು, ಮುಂದಿನದನ್ನು ಧಿಕ್ಕರಿಸಿದರು. ಹಾಗಾದರೆ ಸಿಟ್ಟಿನ ಮೂಲವು ಬರಿಯ ಪಾಲಿನ ಲೆಕ್ಕದಲ್ಲಿ ಇರಲಿಲ್ಲವೆಂದಾಯಿತು.

ನಮ್ಮ ಮದುವೆಯ ಮನೆಯನ್ನು ನೋಡಿದರೆ ಇದರ ಮರ್ಮವು ತಿಳಿಯುವುದು. ಬಾಗಿಲಿಗೆ ರಂಗವಲ್ಲಿಯನ್ನು ಹಾಕಿದ ನೆರೆಮನೆಯ ಹುಡುಗಿಗೂ, ಆರತಿಯ ಹಾಡನ್ನು ಹೇಳಿದ ಹಿರಿಯ ಮುತ್ತೈದೆಗೂ ತಾಂಬೂಲವನ್ನೂ ಕುಪ್ಪಸದ ಕಣವನ್ನೂ ಕೊಟ್ಟು ಗೌರವಿಸುತ್ತೇವೆ. ನಿಮ್ಮ ಕೂಲಿ ಎಷ್ಟಾಯಿತೆಂದು ಕೇಳಿದರೆ ಅವರು ನೊಂದುಕೊಳ್ಳುವರು. ಅದೇ ಚಪ್ಪರದಲ್ಲಿ ಓಲಗದವರಿಗೆ ತಿಂಗಳ ಮೊದಲೇ ವೀಳ್ಯವನ್ನು ಕೊಟ್ಟು, ಇಷ್ಟು ಹಣವೆಂದು ಮಾತಾಗಿರುವುದು. ಅವರ ಕೈಗೆ ಬರಿಯ ತಾಂಬೂಲವನ್ನಿಟ್ಟು ಕೈಮುಗಿದರೆ ಅವರೂ ನೊಂದುಕೊಳ್ಳುವರು. ನೊಂದುಕೊಳ್ಳುವುದು ನ್ಯಾಯವೂ ಹೌದು. ಹಾಡೂ ಕಲೆಯೇ, ನಾಗಸ್ವರವೂ ಕಲೆಯೇ. ಭೇದವಿರುವುದು ಕಲೆಯ ಮೇಲುಕೀಳಿನಲ್ಲಿ ಅಲ್ಲ, ಮೊದಲು ಆಡಿದ ಮಾತಿನಲ್ಲಿ. ಈಗ ಮದುವೆಯ ಯಜಮಾನನು ಇದ್ದಕ್ಕಿದ್ದ ಹಾಗೆ ಬಾಗಿಲಲ್ಲಿ ನಿಂತು, ಆರತಿಯ ಹಾಡನ್ನು ಕೇಳಬೇಕಾದವರು ಒಂದೊಂದು ರೂಪಾಯಿ ಕೊಡಿರಿ, ಅದರಲ್ಲಿ ನಾಲ್ಕಾಣೆ ಹಾಡಿದವರಿಗೆ, ಹನ್ನೆರಡಾಣೆ ನಮಗೆ ಎಂದರೆ ಹೇಗಿದ್ದೀತು? ಹಾಡಿದವರಿಗೆ ನಾಲ್ಕಾಣೆಯ ಲಾಭವಾಯಿತಲ್ಲ ಎಂದು ಯಾರೂ ಸಂತೋಷಪಡಲಾರರು. ಪಲ್ಲವಿಯನ್ನು ಹೇಳಿಕೊಟ್ಟವರಾರು, ದನಿಗೂಡಿಸಿದವರಾರು, ಅವರ ಪಾಲೆಷ್ಟು ಎಂಬ ಜಗಳವೂ ಅಲ್ಲಿಯೇ ಮೊದಲಾಗುವುದು. ಸ್ಕೈರಿಮ್ಮಿನಲ್ಲಿ ಆದದ್ದು ಇದೇ. ಅಲ್ಲಿ ಒಬ್ಬನ ಮಾಡು ಇನ್ನೊಬ್ಬನ ಮಾಡಿನ ಮೇಲೆ, ಅದು ಮತ್ತೊಬ್ಬನದರ ಮೇಲೆ ನಿಂತಿದ್ದಿತು. ಕೊಡುಗೆಯೆಂದು ತಿಳಿದು ಪರಸ್ಪರ ಕೊಟ್ಟುಕೊಂಡದ್ದನ್ನು ನಡುವೆ ಸರಕಾಗಿ ಮಾಡಿದುದರಿಂದ ಋಣದ ಲೆಕ್ಕವೇ ಬಿಡಿಸಲಾರದ ಗಂಟಾಯಿತು.

ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವು ಇಷ್ಟೇ: ಬೇಡಿ ಮಾಡಿಸಿಕೊಂಡ ಕೆಲಸಕ್ಕೆ ಕೂಲಿಯು ಸಲ್ಲಲೇಬೇಕು, ತಾನಾಗಿ ಕೊಟ್ಟ ಕೊಡುಗೆಗೆ ಕೃತಜ್ಞತೆಯು ಸಲ್ಲಬೇಕು, ಯಾವುದು ಕೆಲಸ, ಯಾವುದು ಕೊಡುಗೆ ಎಂಬುದು ಕೈಹಚ್ಚುವ ಮೊದಲೇ ನಿಶ್ಚಯವಾಗಿರಬೇಕು. ಮುಗಿದ ಮೇಲೆ ಒಂದನ್ನು ಇನ್ನೊಂದಾಗಿ ಮಾಡಹೊರಟರೆ ಹಣವೂ ಕೆಡುವುದು, ಸ್ನೇಹವೂ ಕೆಡುವುದು.

ಪೆಟ್ಟು ತಿಂದವರೂ ಇದನ್ನೇ ಕಲಿತಂತೆ ತೋರುವುದು. ಬೆಥೆಸ್ಡಾ ಸಂಸ್ಥೆಯು ೨೦೧೭ರಲ್ಲಿ 'ಕ್ರಿಯೇಷನ್ ಕ್ಲಬ್' ಎಂಬ ಬೇರೊಂದು ಏರ್ಪಾಡನ್ನು ಆರಂಭಿಸಿದಾಗ, ಹಿಂದೆ ಪುಕ್ಕಟೆ ಹಂಚಿದ ಮಾಡುಗಳನ್ನು ಅದರಲ್ಲಿ ಸೇರಿಸಕೂಡದು, ಹೊಸದಾಗಿ ರಚಿಸಿದ್ದೇ ಆಗಬೇಕೆಂದು ನಿಯಮವನ್ನು ಮಾಡಿತು. ರಚಿಸುವವನು ಮೊದಲು ತನ್ನ ಆಲೋಚನೆಯನ್ನು ಬರೆದು ಕಳುಹಿಸತಕ್ಕದ್ದು. ಅದು ಒಪ್ಪಿಗೆಯಾದರೆ ಕೆಲಸವು ಮುಂದುವರಿದ ಹಾಗೆಲ್ಲ ಹಂತಹಂತವಾಗಿ ಹಣವು ಸಲ್ಲತಕ್ಕದ್ದು. ಟೀಕೆಗಳು ಅದಕ್ಕೂ ಬಂದವು. ಆದರೆ ನಾಲ್ಕು ದಿನಗಳಲ್ಲಿ ಮುಚ್ಚುವ ಗತಿಯು ಬರಲಿಲ್ಲ. ಕೊಡುಗೆಯನ್ನು ಕೊಡುಗೆಯಾಗಿಯೇ ಉಳಿಸಿ, ಕೊಟ್ಟವರನ್ನು ಗೌರವಿಸುವ ಮಾರ್ಗವೂ ಉಂಟು. ಇಂಗ್ಲೆಂಡಿನಲ್ಲಿ ೨೦೦೧ರಲ್ಲಿ ಹುಟ್ಟಿದ 'ನೆಕ್ಸಸ್ ಮಾಡ್ಸ್' ಎಂಬ ಮಾಡುಗಳ ಭಂಡಾರವು ೨೦೧೮ರಲ್ಲಿ ಒಂದು ನಿಧಿಯನ್ನು ಕಟ್ಟಿತು. ಅಲ್ಲಿ ಮಾಡುಗಳು ಎಲ್ಲರಿಗೂ ಪುಕ್ಕಟೆಯೇ. ಸಮ್ಮತಿಸಿದ ರಚನಕಾರರಿಗೆ ಮಾತ್ರ, ಎಷ್ಟು ಮಂದಿ ಅವರ ಕೆಲಸವನ್ನು ಪಡೆದುಕೊಂಡರೆಂಬುದನ್ನು ನೋಡಿ, ತಿಂಗಳು ತಿಂಗಳು ಆ ನಿಧಿಯಿಂದ ಪಾಲು ಸಲ್ಲುವುದು. ಇದು ನಮ್ಮ ಕುಪ್ಪಸದ ಕಣದ ಜಾತಿಯದು.

ಮಾತು ಮೊದಲೇ ಆಗಿದ್ದರೆ ಸಾಕೆ? ಸಾಲದು, ಮಾತಿನ ಅರ್ಥವೂ ತಿಳಿದಿರಬೇಕು. ಮಕ್ಕಳಲ್ಲಿ ಬಹು ಪ್ರಿಯವಾದ 'ರೋಬ್ಲಾಕ್ಸ್' ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿಯ ಆಟಗಳನ್ನು ಕಟ್ಟುವವರು ಬಹುಪಾಲು ಆಡುವವರೇ. ಅಲ್ಲಿ ನಡೆಯುವ ನಾಣ್ಯದ ಹೆಸರು ರೋಬಕ್ಸ್. ೨೦೨೧ರಲ್ಲಿ ೧೦,೦೦೦ ರೋಬಕ್ಸನ್ನು ಕೊಳ್ಳಲು ಸುಮಾರು ೧೦೦ ಡಾಲರ್ ಕೊಡಬೇಕಾಗಿದ್ದಿತು. ಈ ದರದಲ್ಲಿ ಒಂದು ಲಕ್ಷಕ್ಕೆ ೧,೦೦೦ ಡಾಲರಾಯಿತು. ಆಡುವವರು ಆ ಒಂದು ಲಕ್ಷವನ್ನು ಒಬ್ಬ ಹುಡುಗನು ಕಟ್ಟಿದ ಆಟದಲ್ಲಿ ಖರ್ಚುಮಾಡಿದರೆ, ನೂರಕ್ಕೆ ೩೦ರಂತೆ ಕಳೆದು ಅವನ ಲೆಕ್ಕಕ್ಕೆ ೭೦,೦೦೦ ರೋಬಕ್ಸ್ ಬರುವುದು. ಅದನ್ನು ನಿಜವಾದ ಹಣವಾಗಿ ಬದಲಾಯಿಸಲು ಹೋದರೆ ಆಗಿನ ದರವು ಲಕ್ಷಕ್ಕೆ ೩೫೦ ಡಾಲರ್ ಮಾತ್ರ. ಅಂತೂ ಅವನ ಕೈಸೇರತಕ್ಕದ್ದು ೨೪೫ ಡಾಲರ್. ನೂರಕ್ಕೆ ೭೦ ಎಂದು ಕೇಳಿಸಿದ ಪಾಲು ರೂಪಾಯಿಗೆ ನಾಲ್ಕಾಣೆಯಷ್ಟಕ್ಕೆ ಬಂದು ನಿಂತಿತು. ಆಟವನ್ನು ಹಗಲಿರುಳು ನಡೆಸುವ ಯಂತ್ರಗಳ ವೆಚ್ಚವೂ, ನಡುವಿನ ಅಂಗಡಿಯವರ ಪಾಲೂ ಸಂಸ್ಥೆಯ ಮೇಲೆ ಬೀಳುವುದು ನಿಜವೇ. ಆದರೆ ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು ಎಂಬುದನ್ನು ಕೆಲಸಕ್ಕೆ ಇಳಿಯುವ ಹುಡುಗನು ತಿಳಿದಿರುವುದು ಒಳ್ಳೆಯದು.

ಅದೇ ಪ್ರಕಾರ ಎಪಿಕ್ ಸಂಸ್ಥೆಯು ೨೦೨೩ರ ಮಾರ್ಚಿಯಲ್ಲಿ ತನ್ನ 'ಫೋರ್ಟ್‌ನೈಟ್' ಆಟದ ನಿವ್ವಳ ಆದಾಯದಲ್ಲಿ ನೂರಕ್ಕೆ ೪೦ನ್ನು, ಜನರು ಯಾವ ಆಟದಲ್ಲಿ ಎಷ್ಟು ತೊಡಗಿದ್ದರೆಂಬುದನ್ನು ನೋಡಿ ಹಂಚುವುದೆಂದು ಸಾರಿತು. ಆದರೆ ಆ ಹಂಚಿಕೆಯಲ್ಲಿ ಹೊರಗಿನ ರಚನಕಾರರಷ್ಟೇ ಅಲ್ಲದೆ ಸಂಸ್ಥೆಯ ಸ್ವಂತ ಆಟಗಳೂ ಪಾಲುಗಾರರು. ಎಷ್ಟು ಪಾಲು ಎಂದು ಕೇಳಿದವನು ಏತರಲ್ಲಿ ಪಾಲು, ಯಾರಾರ ನಡುವೆ ಪಾಲು ಎಂಬುದನ್ನೂ ಕೇಳತಕ್ಕದ್ದು. ಹಿಟ್ಟಿನ ಅಳತೆಯನ್ನು ಸೇರಿನ ಹೆಸರಿನಿಂದಲ್ಲ, ಸೇರಿನ ಒಳಗಿನಿಂದ ನೋಡಬೇಕೆಂಬುದನ್ನು ಗೃಹಿಣಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನು ಮನೆಯ ಮಾತಿಗೆ ಬರೋಣ. ದೊಡ್ಡ ಸಂಸ್ಥೆಗಳ ವ್ಯವಹಾರವು ಒಂದು ಕಡೆ ಇರಲಿ; ಆಡುವವರ ಸಣ್ಣ ಗುಂಪುಗಳಲ್ಲಿಯೂ ಇದೇ ಪ್ರಶ್ನೆಯು ದಿನವೂ ಏಳುವುದು. ಚೆನ್ನಾಗಿ ಚಿತ್ರ ಬರೆಯುವ ಮಗಳಿಗೆ, ನಮ್ಮ ಗುಂಪಿಗೊಂದು ಲಾಂಛನವನ್ನು ಬರೆದುಕೊಡು, ನಿನ್ನ ಹೆಸರು ಎಲ್ಲರಿಗೂ ತಿಳಿಯುವುದು ಎಂದು ಯಾರೋ ಹೇಳಿಕಳುಹಿಸುವರು. ಅವಳು ಬರೆದುಕೊಡುವಳು. ನಾಲ್ಕು ಸಲ ತಿದ್ದಿಸುವರು. ಆ ಮೇಲೆ ಅದೇ ಚಿತ್ರವು ಅಂಗಿಗಳ ಮೇಲೆ ಅಚ್ಚಾಗಿ ಮಾರಾಟವಾಗುವುದು. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಅವಳು ಅಂದು ಕಲಿಯುವಳು. ಜೊತೆಗೆ ಕುಂಚದ ಮೇಲಿನ ಪ್ರೀತಿಯನ್ನೂ ಕಳೆದುಕೊಂಡಾಳು. ನಷ್ಟವೆಂದರೆ ಇದೇ. ಹೋದ ಹಣವನ್ನು ಮತ್ತೆ ಗಳಿಸಬಹುದು. ತನ್ನ ಕೈಕೆಲಸಕ್ಕೆ ಬೆಲೆಯಿಲ್ಲವೆಂಬ ಭಾವನೆಯು ಎಳೆಯ ಮನಸ್ಸಿನಲ್ಲಿ ಬೇರೂರಿದರೆ ಅದನ್ನು ಕೀಳುವುದು ಕಷ್ಟ.

ಆದುದರಿಂದ ತಾಯಿತಂದೆಗಳು ಇಂಥ ಸಮಯದಲ್ಲಿ ಕೆಲವು ಸಂಗತಿಗಳನ್ನು ನೋಡಿಕೊಳ್ಳುವುದು ಅವಶ್ಯವು. ಏನನ್ನು ಮಾಡಿಕೊಡಬೇಕು, ಎಂದಿಗೆ, ಎಷ್ಟು ಸಲ ತಿದ್ದಬೇಕು, ಎಷ್ಟು ಹಣ, ಅದರಲ್ಲಿ ಮುಂಗಡವೆಷ್ಟು, ನಡುವೆ ಬೇಡವೆಂದರೆ ಏನು, ಯಾರ ಹೆಸರು ಎಲ್ಲಿ ಬರತಕ್ಕದ್ದು, ಇಷ್ಟನ್ನು ನಾಲ್ಕು ಸಾಲಿನ ಕಾಗದದಲ್ಲಿಯಾದರೂ ಬರೆಯಿಸಿಕೊಳ್ಳಬೇಕು. ನಮ್ಮ ದೇಶದ ೧೮೭೨ರ ಕರಾರು ಕಾಯಿದೆಯಂತೆ ೧೮ ವರ್ಷ ತುಂಬದವರು ಕರಾರು ಮಾಡಲು ಅರ್ಹರಲ್ಲ. ಆದಕಾರಣ ಮಕ್ಕಳು ತಾವೇ ಒಪ್ಪಿ ಬಂದೆವೆಂದರೆ ಸಾಲದು. ಹಿರಿಯರು ನಡುವೆ ನಿಲ್ಲತಕ್ಕದ್ದು.

ಕೃತಿಯ ಸ್ವಾಮ್ಯವು ಯಾರದೆಂಬುದು ಮತ್ತೊಂದು ಮಾತು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ರಚಿಸಿದವನೇ ಕೃತಿಯ ಮೊದಲ ಸ್ವಾಮಿಯು. ಆದರೆ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೂ, ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರ ಭಾವಚಿತ್ರ ಮೊದಲಾದ ಕೆಲವಕ್ಕೂ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟವನೇ ಸ್ವಾಮಿಯಾಗುವನು. ರಚಿಸಿದವನು ತನ್ನ ಸ್ವಾಮ್ಯವನ್ನು ಮತ್ತೊಬ್ಬನಿಗೆ ವಹಿಸಿಕೊಡಬೇಕಾದರೆ ಅದು ಬರೆವಣಿಗೆಯಲ್ಲಿದ್ದು, ಅವನ ರುಜುವಿರಬೇಕು. ಎಷ್ಟು ಕಾಲಕ್ಕೆಂದು ಹೇಳದೆ ಇದ್ದರೆ ಐದು ವರ್ಷವೆಂದು ಭಾವಿಸತಕ್ಕದ್ದು. ಸ್ವಾಮ್ಯವನ್ನು ಕೊಟ್ಟ ಮೇಲೆಯೂ 'ಇದನ್ನು ರಚಿಸಿದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿಯೇ ಉಳಿಯುವುದು. ಇಷ್ಟು ತೊಡಕುಳ್ಳ ವಿಷಯವನ್ನು ಬಾಯಿಮಾತಿಗೆ ಬಿಡುವುದು ಜಾಣತನವಲ್ಲ. ಅನೇಕ ಆಟಗಳ ಕರಾರಿನಲ್ಲಿ ಮಾಡುಗಳನ್ನು ಮಾರಕೂಡದೆಂಬ ನಿಬಂಧನೆಯೂ ಇರುವುದರಿಂದ, ಹಣದ ಮಾತನ್ನೆತ್ತುವ ಮೊದಲು ಅದನ್ನೂ ಓದಿ ನೋಡಬೇಕು.

ನಮ್ಮ ಮಕ್ಕಳು ಯಾವಾಗಲೂ ದುಡಿಯುವ ಪಕ್ಷದಲ್ಲಿಯೇ ಇರುವರೆಂದು ತಿಳಿಯಬಾರದು; ದುಡಿಸಿಕೊಳ್ಳುವ ಪಕ್ಷದಲ್ಲಿಯೂ ಇರುವರು. ಗುಂಪಿನ ಮುಖಂಡನಾದ ಮಗನು ಇನ್ನೊಂದು ಊರಿನ ಹುಡುಗನಿಂದ ನಕ್ಷೆಯನ್ನು ಮಾಡಿಸಿಕೊಂಡು, ಮುಗಿದ ಮೇಲೆ ಮಾತೇ ಆಡದೆ ಇರುವುದುಂಟು. ದರ್ಜಿಗೆ ಬಾಕಿಯಿಟ್ಟರೆ ತಪ್ಪೆಂದು ಹೇಳಿ ಬೆಳೆಸಿದ ಮಕ್ಕಳಿಗೆ, ಕಣ್ಣಿಗೆ ಕಾಣದ ಕುಶಲಿಗನಿಗೆ ಬಾಕಿಯಿಟ್ಟರೂ ಅದು ಅಷ್ಟೇ ತಪ್ಪೆಂದು ಹೇಳಿಕೊಡಬೇಕು. ಹಣ ಕೊಡಲು ಶಕ್ತಿಯಿಲ್ಲದಿದ್ದರೆ ಇಲ್ಲವೆಂದು ಮೊದಲೇ ಹೇಳಲಿ; ಕೇಳಿದವನು ಸ್ನೇಹಕ್ಕಾಗಿ ಮಾಡಿಕೊಟ್ಟರೆ ಅದು ಕೊಡುಗೆ. ಹೆಸರನ್ನು ಮರೆಯದೆ ಹೇಳುವುದೂ, ಆ ಕೆಲಸವನ್ನು ಕೇಳದೆ ಮಾರದೆ ಇರುವುದೂ ಆ ಕೊಡುಗೆಗೆ ಸಲ್ಲುವ ತಾಂಬೂಲ.

ಆಟವು ಬಾಳಿನ ಪಾಠಶಾಲೆ ಎಂದು ಹಿರಿಯರು ಹೇಳುವುದುಂಟು. ಚೆಂಡಾಟದಲ್ಲಿ ಸೋಲುಗೆಲುವನ್ನು ಕಲಿಯುವಂತೆ, ಈ ಹೊಸ ಆಟಗಳ ಅಂಗಳದಲ್ಲಿ ಮಕ್ಕಳು ಕೊಡುಕೊಳ್ಳುವಿಕೆಯನ್ನು ಕಲಿಯುತ್ತಿದ್ದಾರೆ. ಮೊದಲ ಸಂಪಾದನೆಯನ್ನೂ ಮೊದಲ ಮೋಸವನ್ನೂ ಅವರು ಅಲ್ಲಿಯೇ ಕಂಡಾರು. ಯಂತ್ರವನ್ನು ಮುಚ್ಚಿಡು ಎಂದು ಗದರುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು, ಏನನ್ನು ಮಾಡುತ್ತಿದ್ದೀಯೆ, ಯಾರಿಗಾಗಿ, ಮಾತೇನಾಗಿದೆ ಎಂದು ಈ ಮೂರನ್ನು ಕೇಳಿದರೆ, ಮನೆಯವರ ಕರ್ತವ್ಯದ ಅರ್ಧಭಾಗವು ಅಲ್ಲಿಗೆ ನೆರವೇರಿದಂತಾಗುವುದು.